ಎಲ್ಲಾರ ಮಕ್ಕಳೂ ಕೂಡೂ ಸಾಲಿ



ಮೇ ತಿಂಗಳು ಮುಗಿಯಾಕ ಬಂತಂದ್ರ ನಮ್ಮ ಕಡೆ ಹೆಣ್ಮಕ್ಕಳ ಬಾಯಾಗ ಎರಡೇ ಮಾತು. ಒಂದು ಮಳಿ ಯಾವಾಗ ಬರ್ತೈತಿ ಅನ್ನೋದು, ಇನ್ನೊಂದು ಕೂಸಿನ್ನ ಯಾವ ಸಾಲಿಗೆ ಹಾಕಿದಿ ಅನ್ನೋದು. ನನ್ನ ಮಗಳು ಊರ ಹೊರಗಿನ ಬಡಾವಣಿಯ ಸರ್ಕಾರಿ ಸಾಲಿಯಾಗ ನಾಲ್ಕನೇ ಕ್ಲಾಸ್ ಅಂದ್ರ ಕೇಳಿದವರು ಒಂದು ಗಳಿಗಿ ಸುಮ್ನಾಗ್ತಾರ. ಆಮೇಲೆ ಮೆಲ್ಲಕ, "ಅಲ್ಲಿ ಎಲ್ಲಾರೂ ಬರ್ತಾರಲ್ಲವ್ವಾ" ಅಂತಾರ.

ಈ "ಎಲ್ಲಾರೂ" ಅನ್ನೋ ಮಾತಿನ ಬಗ್ಗೇನ ನಾನು ಇವತ್ತು ಬರೀತೀನಿ. ಯಾಕಂದ್ರ ನಮ್ಮ ಸೀಮಿಯಾಗ ಎಲ್ಲಾರೂ ಒಂದು ಸಾಲಿಗೆ ಬರಾಕ ನೂರು ವರ್ಷದ ಮ್ಯಾಲೆ ಹಿಡದೈತಿ. ಒಂದೊಂದು ಬಾಗಿಲು ತೆರದಾಗೂ ಯಾರೋ ಕಷ್ಟ ಪಟ್ಟಾರ. ಆ ಕಥಿ ಗೊತ್ತಿದ್ರ, ಯಾವ ಸಾಲಿ ಅನ್ನೋ ನಮ್ಮ ಲೆಕ್ಕಾಚಾರ ಸ್ವಲ್ಪ ಬ್ಯಾರೆ ಆಗಬಹುದು.

ಮೊದಲು ಊರಿನ ಕಥಿ

ಲಿಂಗಸುಗೂರು ಅಂದ್ರ ಒಂದು ಊರಲ್ಲ, ಎರಡು. ಒಂದು ಕಸಬಾ, ಇನ್ನೊಂದು ಛಾವಣಿ. ಇವತ್ತೂ ಹಿರೇರು "ಛಾವಣಿಗೆ ಹೋಗಿ ಬರ್ತೀನಿ" ಅಂತಾರ. ಛಾವಣಿ ಅಂದ್ರ ದಂಡು ಇಳಿಯೋ ಜಾಗ. ಹೈದರಾಬಾದ್ ಕಂಟಿಂಜೆಂಟ್ ಅನ್ನೋ ದಂಡು ಇಲ್ಲಿತ್ತು. ಕೃಷ್ಣಾ-ತುಂಗಭದ್ರಾ ನಡುವಿನ ನಮ್ಮ ದೋಆಬ ಸೀಮಿ 1853ರಾಗ ನಿಜಾಮರ ಕೈಯಿಂದ ಇಂಗ್ಲಿಷರ ಕೈಗೆ ಹೋಗಿ, 1860ರಾಗ ವಾಪಸ್ ನಿಜಾಮರಿಗೆ ಬಂತು. ಆಮೇಲೆ ಲಿಂಗಸುಗೂರು ಒಂದು ಜಿಲ್ಲಾ ಸೈತ ಆಗಿತ್ತು. 1905ರಾಗ ಆ ಜಿಲ್ಲಾ ಮುರದು ನಮ್ಮ ತಾಲೂಕನ್ನ ರಾಯಚೂರಿಗೆ ಸೇರಿಸಿದ್ರು.

ಇದನ್ನ ಯಾಕ ಹೇಳಿದೆ ಅಂದ್ರ, ದಂಡು ಬಂದಲ್ಲಿ ಬಜಾರ ಬರ್ತೈತಿ, ಜಿಲ್ಲಾ ಕಚೇರಿ ಬಂದಲ್ಲಿ ನೌಕರರು ಬರ್ತಾರ. ಹಿಂಗಾಗಿ ನಮ್ಮೂರು ಮೊದಲಿಂದಾನೂ ಒಂದೇ ಜಾತಿ, ಒಂದೇ ಮಾತಿನ ಊರಲ್ಲ. ಮಗ್ಗಲಕ ಮುದಗಲ್ಲು. ಅಲ್ಲಿ ಕೋಟಿ ಐತಿ, ಹಳೇ ಕ್ರಿಶ್ಚಿಯನ್ ಮನಿತನಗಳು ಅದಾವ, ಹಿಂದೂ-ಮುಸಲ್ಮಾನರು ಕೂಡಿ ಮಾಡೋ ಮೊಹರಂ ಐತಿ. ಗುರುಗುಂಟಾ ಕಡೆ ಅಮರೇಶ್ವರ ಜಾತ್ರಿಗೆ ಎಲ್ಲಾ ಊರಿನ ಬಂಡಿ ಬರ್ತಾವ. ತಾಲೂಕಿನ ತುಂಬ ಲಂಬಾಣಿ ತಾಂಡಾ. ಹಬ್ಬ, ಜಾತ್ರಿ, ಸಂತಿಯಾಗ ಎಲ್ಲಾರೂ ಕೂಡ್ತಿದ್ರು. ಆದ್ರ ಸಾಲಿಯಾಗ ಮಾತ್ರ ಕೂಡಿರಲಿಲ್ಲ.

ಐಗಳ ಸಾಲಿ, ಸರ್ಕಾರದ ಸಾಲಿ

ನಮ್ಮ ಮುತ್ತಜ್ಜಂದಿರ ಕಾಲದಾಗ ಅಕ್ಷರ ಕಲಿಯೋದು ಐಗಳ ಮಠದಾಗ. ಉಸುಕಿನ್ಯಾಗ ಬಟ್ಟಿಟ್ಟು ತಿದ್ದೋದು, ಕಾಲು-ಅರ್ಧ-ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡೋದು. ಐಗಳಿಗೆ ಕಾಳು-ಕಡಿ ಕೊಡೋದು. ಮುಸಲ್ಮಾನರ ಮಕ್ಕಳಿಗೆ ಮಸೂತಿ ಹತ್ರ ಮಕ್ತಬ. ಕೆಳಗಿನ ಜಾತಿ ಅನ್ನಿಸಿಕೊಂಡವರ ಮಕ್ಕಳಿಗೆ ಇದ್ಯಾವುದೂ ಇಲ್ಲ. ಹೆಣ್ಣುಮಕ್ಕಳಿಗಂತೂ ಯಾವ ಜಾತಿಯಾಗಿದ್ರೂ ಬಹಳ ಮಟ್ಟಿಗೆ ಇಲ್ಲ.

ಸರ್ಕಾರದ ಮದರಸಾ ಬಂದಾಗ ಮಾತಿನ ತೊಡಕು ಬಂತು. ನಿಜಾಮರ ಸಂಸ್ಥಾನದಾಗ ಮಂದಿ ಆಡೋದು ತೆಲುಗು, ಮರಾಠಿ, ಕನ್ನಡ. 1880ರ ದಶಕದಾಗ ಪಾರ್ಸಿ ಹೋಗಿ ಉರ್ದು ಕಚೇರಿ ಮಾತಾಯ್ತು. 1918ರಾಗ ಹೈದರಾಬಾದಿನ್ಯಾಗ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿ ಪಾಠ ಎಲ್ಲಾ ಉರ್ದುವಿನ್ಯಾಗ. ದೇಶೀ ಮಾತಿನ್ಯಾಗ ದೊಡ್ಡ ಓದು ಕಲಿಸಬಹುದು ಅಂತ ತೋರಿಸಿದ್ದು ದೊಡ್ಡ ಕೆಲಸಾನ. ಆದ್ರ ಲಿಂಗಸುಗೂರಿನ ಒಕ್ಕಲಿಗನ ಮಗನಿಗೆ ಅದು ಮನಿ ಮಾತಲ್ಲ. ಮ್ಯಾಲಿನ ಓದು ಬೇಕಂದ್ರ ಮೊದಲು ಮಾತು ದಾಟಬೇಕು, ಆಮೇಲೆ ಪಾಠ. 1920ರ ದಶಕದಾಗ ಖಾಸಗಿ ಸಾಲಿ ತೆರಿಯಾಕೂ ಸರ್ಕಾರದ ಅಪ್ಪಣಿ ಬೇಕು ಅಂತಾಯ್ತು.

ಆ ಕಾಲದಾಗೂ ಸುಮ್ನ ಕೂತಿರಲಿಲ್ಲ ನಮ್ಮವರು. ಕಲಬುರಗಿಯಾಗ 1907ರಾಗ ನೂತನ ವಿದ್ಯಾಲಯ ಶುರುವಾಯ್ತು. ರಾಯಚೂರಿನ್ಯಾಗ ಪಂಡಿತ ತಾರಾನಾಥರು ಹಮ್ದರ್ದ ಸಾಲಿ ಕಟ್ಟಿದ್ರು. ಹಮ್ದರ್ದ ಅಂದ್ರ ಇನ್ನೊಬ್ಬರ ನೋವು ತನ್ನ ನೋವು ಅಂತ ತಿಳಿಯೋನು. ಕನ್ನಡದವರು ಕಟ್ಟಿದ ಸಾಲಿಗೆ ಉರ್ದು ಹೆಸರು, ನೋಡ್ರಿ. ನಮ್ಮ ಸೀಮಿಯ ಗುಣ ಆ ಹೆಸರಿನ್ಯಾಗಾನ ಐತಿ.

ಇವತ್ತಿಗೂ ಮಗಳ ಸಾಲಿಗೆ ಹೋದಾಗ ನನಗೆ ಆ ಹಳೇ ಕಾಲ ಕಿವಿಗೆ ಬೀಳ್ತೈತಿ. "ದಾಖಲಾತಿ" ಮಾಡಿಸಿದೆ, "ಹಾಜರಿ" ಹಾಕಿದ್ರು, "ರಜಾ" ಕೊಟ್ರು, "ಶಿಫಾರಸು" ಪತ್ರ ತಂದೆ: ಇವೆಲ್ಲಾ ಪಾರ್ಸಿ-ಉರ್ದು ಕಡೆಯಿಂದ ಬಂದ ಮಾತು. ಮಾಸ್ತರರ "ಪಗಾರ" ಪೋರ್ಚುಗೀಸರಿಂದ ಬಂದದ್ದು. "ಪೆನ್ಸಿಲ್" ಇಂಗ್ಲಿಷ್. "ಬಳಪ" ಅಚ್ಚಗನ್ನಡ. ಒಂದು ಹುಡುಗಿ ಚೀಲದಾಗ, ಒಂದು ಹಾಜರಿ ಪುಸ್ತಕದಾಗ ಇಷ್ಟು ಊರಿನ ಮಾತು ಕೂಡ್ಯಾವ. ಮಾತು ಮೊದಲು ಕೂಡಿದ್ವು, ಮಕ್ಕಳು ಆಮೇಲೆ ಕೂಡಿದ್ರು.

1948 ಆದ ಮ್ಯಾಲೆ

1948ರ ಸೆಪ್ಟೆಂಬರ್ 17ಕ್ಕ ಹೈದರಾಬಾದ್ ಸಂಸ್ಥಾನ ಭಾರತದಾಗ ಸೇರ್ತು. ಅದಕ್ಕೂ ಮೊದಲು ರಜಾಕಾರರ ಹಾವಳಿಗೆ ಹಳ್ಳಿ ಬಿಟ್ಟು ಓಡಿದ ಕಥಿ ನಮ್ಮ ಅಜ್ಜಿಯಂದಿರು ಹೇಳ್ತಿದ್ರು. ಕಾರ್ಯಾಚರಣಿ ಆದ ಮ್ಯಾಲೆ ಸಂಸ್ಥಾನದ ಹಲವು ಕಡೆ ಏನೂ ತಪ್ಪು ಮಾಡದ ಮುಸಲ್ಮಾನ ಮನಿತನಗಳು ನೋವುಂಡದ್ದೂ ಖರೇನ. ಎರಡೂ ಕಡೆ ಅತ್ತ ಅವ್ವಂದಿರು ಇದ್ರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಒಂದೇ ಬೆಂಚಿನ್ಯಾಗ ಕೂತು ಒಂದೇ ಮಗ್ಗಿ ಹೇಳ್ತಾರಂದ್ರ ಅದು ಸಣ್ಣ ಮಾತಲ್ಲ.

1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. ಸಾಲಿಯಾಗ ಕನ್ನಡ ಗಟ್ಟಿಯಾಯ್ತು. ಅಲ್ಲೀಮಟ ಉರ್ದು ಕಲ್ತು ಕಚೇರಿ ಕೆಲಸ ಮಾಡಿದ ಹಿರೇರಿಗೆ ಒಮ್ಮಿಂದೊಮ್ಮೆಲೆ ಕನ್ನಡದ ಕಾಗದ ಬಂತು. ಸಂವಿಧಾನ 14 ವರ್ಷದ ತನಕ ಎಲ್ಲಾ ಮಕ್ಕಳಿಗೂ ಪುಕ್ಕಟೆ ಸಾಲಿ ಕೊಡಬೇಕು, ಅದೂ 10 ವರ್ಷದೊಳಗ ಅಂತ ಹೇಳಿತ್ತು. ಆ 10 ವರ್ಷ ಎಷ್ಟು ಉದ್ದ ಆಯ್ತಂದ್ರ, ಓದು ಮಕ್ಕಳ ಹಕ್ಕು ಅನ್ನೋ ಕಾನೂನು ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕ. 2011ರ ಜನಗಣತಿಯಾಗ ರಾಯಚೂರು ಜಿಲ್ಲಾದಾಗ ಓದು ಬಲ್ಲವರು ನೂರಕ್ಕ 60 ತುಂಬಲಿಲ್ಲ. ಹೆಣ್ಣುಮಕ್ಕಳದ್ದು ನೂರಕ್ಕ 50 ಸೈತ ಇರಲಿಲ್ಲ. ಅಂದ್ರ ನಮ್ಮ ವಾರಿಗಿಯ ಹೆಣ್ಮಕ್ಕಳಾಗ, ಬಸ್ಸಿನ ಬೋರ್ಡು ತಾನೇ ಓದಿಕೊಳ್ಳಾಕಿ ಒಬ್ಬಾಕಿ ಇದ್ರ, ಇನ್ನೊಬ್ಬರನ್ನ ಕೇಳಿ ಹತ್ತಾಕಿ ಒಬ್ಬಾಕಿ.

ನೀರು ಬಂತು, ಮಂದಿ ಬಂದ್ರು

ನಮ್ಮ ಸಾಲಿಗಳು ಬಣ್ಣಬಣ್ಣದ್ದಾಗಿದ್ದು ಬರೇ ಕಾನೂನಿನಿಂದ ಅಲ್ಲ, ನೀರಿನಿಂದಾನೂ ಆಯ್ತು. 1953ರಾಗ ತುಂಗಭದ್ರಾ ಆಣೆಕಟ್ಟು ಆಗಿ ಎಡದಂಡಿ ಕಾಲುವಿ ಸಿಂಧನೂರು ಕಡೆ ಹರಿಯಾಕ ಹತ್ತಿದ ಮ್ಯಾಲೆ ಆಂಧ್ರದ ಕಡೆಯಿಂದ ತೆಲುಗು ರೈತರು ಬಂದು ಭೂಮಿ ಹಿಡದ್ರು. ಅವರು ನೆಲಿ ನಿಂತ ಜಾಗಕ್ಕ ಇವತ್ತೂ ಕ್ಯಾಂಪ್ ಅಂತಾನ ಹೆಸರು. ಜ್ವಾಳದ ಸೀಮಿಯಾಗ ನೆಲ್ಲು ಬಂತು. 1970ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರಿಗೆ ಸಿಂಧನೂರು ತಾಲೂಕಿನ್ಯಾಗ ಆರ್.ಎಚ್. ಕ್ಯಾಂಪ್‌ಗಳಾಗ ಜಾಗ ಕೊಟ್ರು. ಮನಿಯಾಗ ಬಂಗಾಲಿ, ಸಾಲಿಯಾಗ ಕನ್ನಡ, ಗದ್ದಿಯಾಗ ತೆಲುಗು. ಅಲ್ಲಿಯ ಹುಡುಗರು ಮೂರು ಮಾತು ಹೆಂಗ ಆಡ್ತಾರಂದ್ರ ನಾವು ಒಂದನ್ನ ಆಡಿದಂಗ.

ನಮ್ಮ ತಾಲೂಕಿನ ಹಟ್ಟಿ ಇನ್ನೊಂದು ಕಥಿ. ಸಾವಿರಾರು ವರ್ಷದ ಹಿಂದೇನ ಮಂದಿ ಬಂಗಾರಕ್ಕ ಅಗದ ಗುರುತು ಅಲ್ಲಿ ಅದಾವ. 1947ರಾಗ ನಿಜಾಮರ ಕಾಲದಾಗಾನ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಕಂಪನಿ ಆಯ್ತು. ಗಣಿ ಕೆಲಸಕ್ಕ ಬ್ಯಾರೆ ಬ್ಯಾರೆ ಊರಿನವರು ಬಂದ್ರು, ಅವರ ಮಕ್ಕಳೂ ಇಲ್ಲೇ ಅಕ್ಷರ ಕಲ್ತ್ರು. ಆಮೇಲೆ ನಾರಾಯಣಪುರ ಬಲದಂಡಿ ಕಾಲುವಿ ಬಂತು. ನೀರು ಸಿಕ್ಕ ಹೊಲದಾಗ ಹತ್ತಿ, ಮೆಣಸಿನಕಾಯಿ. ನೀರು ಸಿಗದವರು ಬೆಂಗಳೂರು, ಪುಣೆಗೆ ದುಡಿಯಾಕ. ಹಿಂಗಾಗಿ ನಮ್ಮ ಸಾಲಿಯಾಗ ಬರೋ ಮಕ್ಕಳ ಜೋಡಿ ಅರ್ಧ ವರ್ಷ ಇದ್ದು ಹೋಗೋ ಮಕ್ಕಳೂ ಅದಾರ.

ಬಾಗಿಲು ತೆರದಾಗ ಹೊರಗ ಹೋಗೋರು

ಮಾತಿನ ಬಾಗಿಲಿಗಿಂತ ಗಟ್ಟಿ ಬಾಗಿಲು ಜಾತಿದು. ಮಂಗಳೂರಿನ್ಯಾಗ ಕುದ್ಮಲ್ ರಂಗರಾಯರು 1892ರಾಗ ದಲಿತ ಮಕ್ಕಳಿಗೆ ಬ್ಯಾರೆ ಸಾಲಿ ತೆರಿಬೇಕಾಯ್ತು, ಯಾಕಂದ್ರ ಇದ್ದ ಸಾಲಿಯಾಗ ಅವರನ್ನ ಕೂಡಿಸ್ತಿರಲಿಲ್ಲ. ಮೈಸೂರು ಸಂಸ್ಥಾನದಾಗ ವಿಶ್ವೇಶ್ವರಯ್ಯನವರು ದಿವಾನರಿದ್ದಾಗ, 1915ರಾಗ, ಸರ್ಕಾರಿ ಸಾಲಿಯಾಗ ಯಾವ ಜಾತಿ ಮಗುವನ್ನೂ ಬ್ಯಾಡ ಅನ್ನಬಾರದು ಅಂತ ಹುಕುಂ ಆಯ್ತು. ಆವಾಗ ಏನಾಯ್ತು? ಕೆಲವು ಕಡೆ ಮ್ಯಾಲಿನ ಜಾತಿಯವರು ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದ್ರು. ಒಳಗ ಬಿಡಬ್ಯಾಡ್ರಿ ಅನ್ನೋದು ಆಗಲಿಲ್ಲ ಅಂದ ಮ್ಯಾಲೆ, ನಾವೇ ಹೊರಗ ಹೋಗ್ತೀವಿ ಅಂದ್ರು.

ಇದು ನಮ್ಮ ದೇಶದ್ದಷ್ಟೇ ರೋಗ ಅಂತ ತಿಳಿಬ್ಯಾಡ್ರಿ. ಅಮೆರಿಕಾದಾಗ ಕರಿಯರ ಮಕ್ಕಳಿಗೆ, ಬಿಳಿಯರ ಮಕ್ಕಳಿಗೆ ಬ್ಯಾರೆ ಬ್ಯಾರೆ ಸಾಲಿ ಇಡಬಾರದು ಅಂತ 1954ರಾಗ ಅಲ್ಲಿಯ ದೊಡ್ಡ ಕೋರ್ಟು ತೀರ್ಪು ಕೊಡ್ತು. 1960ರ ನವೆಂಬರ್ 14ಕ್ಕ ನ್ಯೂ ಆರ್ಲಿಯನ್ಸ್ ಊರಿನ್ಯಾಗ ರೂಬಿ ಬ್ರಿಡ್ಜಸ್ ಅನ್ನೋ ಆರು ವರ್ಷದ ಕರಿಯ ಹುಡುಗಿ ಬಿಳಿಯರ ಸಾಲಿಗೆ ಹೋದಳು. ಹೊರಗ ಮಂದಿ ಬೈಯಾಕ ನಿಂತಿದ್ರು, ಸರ್ಕಾರದ ಕಾವಲಿನವರು ಕರಕೊಂಡು ಹೋದ್ರು. ಅಪ್ಪ ಅಂಜಿದ್ದ. ಕಳಿಸಲೇಬೇಕು ಅಂದಾಕಿ ಅವ್ವ. ಉಳದ ತಂದಿ-ತಾಯಿ ತಮ್ಮ ಮಕ್ಕಳನ್ನ ಎಬ್ಬಿಸಿಕೊಂಡು ಹೋದ್ರು. ಆ ವರ್ಷ ಪೂರ್ತಿ ಬಾರ್ಬರಾ ಹೆನ್ರಿ ಅನ್ನೋ ಒಬ್ಬ ಅಕ್ಕೋರು ಆ ಒಂದೇ ಹುಡುಗಿಗೆ ಖಾಲಿ ಕ್ವಾಣಿಯಾಗ ಪಾಠ ಹೇಳಿದ್ರು.

ಮೈಸೂರಿನ 1915ಕ್ಕೂ, ಆ ಊರಿನ 1960ಕ್ಕೂ, ನಮ್ಮ ಇವತ್ತಿಗೂ ಒಂದು ಎಳಿ ಐತಿ. ಎಲ್ಲಾರಿಗೂ ಬಾಗಿಲು ತೆರದ ಮ್ಯಾಲೆ ಅನುಕೂಲ ಇದ್ದವರು ಹಿತ್ತಲ ಬಾಗಿಲಿನಿಂದ ಹೋಗ್ತಾರ. ಇವತ್ತು ಯಾರೂ ಬಾಯಿ ಬಿಟ್ಟು ಜಾತಿ ಅನ್ನೋದಿಲ್ಲ. "ಇಂಗ್ಲಿಷ್" ಅಂತಾರ, "ಶಿಸ್ತು" ಅಂತಾರ, "ವಾತಾವರಣ" ಅಂತಾರ. ಆ ಮಾತಿನ್ಯಾಗ ಖರೇನೂ ಐತಿ, ಅದನ್ನ ಮುಂದ ಹೇಳ್ತೀನಿ. ಆದ್ರ ಒಳಗ ಇನ್ನೊಂದು ಮಾತೂ ಐತಿ ಅನ್ನೋದು ನಮಗೆಲ್ಲಾರಿಗೂ ಗೊತ್ತು.

ಗಂಗಾಳದ ಕಥಿ

ಹೆಣ್ಮಕ್ಕಳು ನಾವು, ಊಟದ ಮಾತು ಬಿಟ್ಟು ಹೆಂಗ ಮುಗಸೋದು? ಅಕ್ಷರ ದಾಸೋಹ, ಅಂದ್ರ ಮಧ್ಯಾಹ್ನದ ಬಿಸಿಯೂಟ, ಕರ್ನಾಟಕದಾಗ ಮೊದಲು ಶುರುವಾದದ್ದು ನಮ್ಮ ಕಡೇನ. 2001ರ ನವೆಂಬರ್ 28ಕ್ಕ ಸುಪ್ರೀಂ ಕೋರ್ಟು ಸಾಲಿಯಾಗ ಬೇಯಿಸಿದ ಊಟ ಕೊಡ್ರಿ ಅಂತ ಆದೇಶ ಮಾಡ್ತು. 2002ರ ಜೂನ್‌ದಾಗ ಮೊದಲ ಕಂತಿಗೆ ಉತ್ತರದ ಏಳು ಜಿಲ್ಲಾ ತಗೊಂಡ್ರು, ಅದರಾಗ ರಾಯಚೂರೂ ಒಂದು. ದಕ್ಷಿಣದ ಜಿಲ್ಲಾಗಳಿಗೆ ಆಮೇಲೆ ಹೋಯ್ತು. 2013ರಾಗ ಹಾಲು ಬಂತು. 2021ರ ಡಿಸೆಂಬರ್‌ದಾಗ ತತ್ತಿ ಬಂತು. ಅದೂ ಮೊದಲು ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲಾಗಳಿಗೆ ಮತ್ತು ವಿಜಯಪುರಕ್ಕ, ಯಾಕಂದ್ರ ಮಕ್ಕಳಾಗ ರಕ್ತ ಕಡಿಮಿ, ತೂಕ ಕಡಿಮಿ ಇಲ್ಲೇ ಹೆಚ್ಚು. ಎಲ್ಲಾದರಾಗೂ ಹಿಂದ ಇರೋ ನಾವು ಇದರಾಗ ಮುಂದ ಆದ್ವಿ ಅಂತ ನಗಬೇಕೋ ಅಳಬೇಕೋ.

ತತ್ತಿ ಬಂದಾಗ ಕೆಲವು ಮಠದವರು ವಿರೋಧ ಮಾಡಿದ್ರು. ಸಾಲಿಯಾಗ ಪಂಕ್ತಿಭೇದ ಆಗ್ತೈತಿ ಅಂದ್ರು. ತತ್ತಿ ತಿನ್ನದ ಮಕ್ಕಳಿಗೆ ಬಾಳಿಹಣ್ಣು ಕೊಡೋದು ಅಂತಾಯ್ತು. ನಾನು ತಾಯಿಯಾಗಿ ನೋಡಿದ್ದು ಹೇಳ್ತೀನಿ. ನಮ್ಮ ಮನಿಯಾಗ ತತ್ತಿ ಇಲ್ಲ, ಮಗಳಿಗೆ ಹಣ್ಣು. ಬಾಜೂಕ ಕೂತ ಗೆಳತಿಗೆ ತತ್ತಿ. ಒಂದೇ ಸಾಲು, ಒಂದೇ ಅನ್ನ-ಸಾರು. ದೊಡ್ಡವರು ಅಂಜಿದ ಪಂಕ್ತಿಭೇದ ಮಕ್ಕಳಿಗೆ ಎರಡು ದಿನದಾಗ ಮರತೇ ಹೋಯ್ತು. ಅವರ ತಕರಾರು ಹಣ್ಣು ಸಣ್ಣದು ಬಂತು ಅನ್ನೋದಷ್ಟೇ.

ಆದ್ರ ಎಲ್ಲಾ ಕಡೆ ಹಿಂಗ ಇಲ್ಲ. ದಲಿತ ಹೆಣ್ಮಗಳು ಅಡಗಿ ಮಾಡ್ತಾಳಂತ ಮಕ್ಕಳಿಗೆ ಊಟ ಬ್ಯಾಡ ಅಂದದ್ದು, ಟಿ.ಸಿ. ತಗೊಂಡು ಹೋದದ್ದು ನಮ್ಮ ರಾಜ್ಯದ ಪೇಪರಿನ್ಯಾಗ ಒಂದು ಸಲ ಅಲ್ಲ, ಹಲವು ಸಲ ಬಂದೈತಿ. ಹಸಿವಿಗೆ ಜಾತಿ ಇಲ್ಲ ಅಂತ ಬಾಯಿಲೆ ಅಂದ್ರ ಸಾಲದು. ದಿನಾ ಒಂದು ಗಂಗಾಳ ಇನ್ನೊಂದು ಗಂಗಾಳದ ಬಾಜೂಕ ಇಟ್ಟಾಗಾನ ಅದು ಖರೆ ಆಗೋದು. ಮದಿವಿ ಊಟದಾಗ ಆಗದ್ದು, ಗುಡಿಯಾಗ ಆಗದ್ದು, ಸಾಲಿ ಪಡಸಾಲಿಯಾಗ ಆಗೈತಿ.

ಯಾರಿಗೂ ಮನಿ ಮಾತಲ್ಲದ ಪುಸ್ತಕ

ಒಂದರಿಂದ ಮೂರನೇ ಕ್ಲಾಸ್ ತನಕ ನಮ್ಮ ಸಾಲಿಯಾಗ ನಲಿ-ಕಲಿ. ಮೂರೂ ಕ್ಲಾಸಿನ ಮಕ್ಕಳು ಕೂಡಿ ಕೂಡೋದು, ಕಾರ್ಡು ನೋಡಿ ಅವರವರ ವ್ಯಾಗದಾಗ ಕಲಿಯೋದು. ಈ ಪದ್ಧತಿ 1995ರಾಗ ಮೈಸೂರು ಜಿಲ್ಲಾದ ಹೆಗ್ಗಡದೇವನಕೋಟೆ ತಾಲೂಕಿನ್ಯಾಗ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲಾ ಹಬ್ಬಿತು. ಮಗಳ ಗುಂಪಿನ್ಯಾಗ ತಾಂಡಾದ ಹುಡುಗಿ ಇದ್ದಳು, ಮನಿಯಾಗ ಲಂಬಾಣಿ. ಉರ್ದು ಮನಿಯ ಹುಡುಗ ಇದ್ದ. ಅವನ ಅಣ್ಣ ಸರ್ಕಾರಿ ಉರ್ದು ಸಾಲಿಯಾಗ, ಇವನು ಕನ್ನಡ ಸಾಲಿಯಾಗ. ಮುಂದ ನೌಕರಿಗೆ ಕನ್ನಡ ಬೇಕು ಅಂತ ಅವರ ಅವ್ವ ವಿಚಾರ ಮಾಡಿದ್ದು. ತೆಲುಗು ಮಾತಾಡೋ ಗೌಂಡಿ ಮನಿಯ ಹುಡುಗರು ಇದ್ರು.

ಮೊದಲು ನಾನು ಅಂದ್ಕೊಂಡಿದ್ದೆ, ಕನ್ನಡ ಮನಿಯ ನಮ್ಮ ಕೂಸಿಗೆ ಪುಸ್ತಕ ಸಲೀಸು, ಅವರಿಗೆ ಕಷ್ಟ ಅಂತ. ಒಂದು ಸಂಜಿ ಮಗಳು ಪುಸ್ತಕ ಹಿಡಕೊಂಡು ಬಂದು, "ಅವ್ವಾ, 'ಹೋಗುತ್ತಿದ್ದೇನೆ' ಅಂದ್ರ ಏನು?" ಅಂದಳು. "ಹೊಂಟೀನಿ" ಅಂದೆ. "ಹಂಗಾದ್ರ ಹೊಂಟೀನಿ ಅಂತ ಯಾಕ ಬರದಿಲ್ಲ?" ಅಂದಳು. ನಮ್ಮ ಸಾಲಿ ಅಲ್ಲಿ ಶಾಲೆ, ನಮ್ಮ ತತ್ತಿ ಅಲ್ಲಿ ಮೊಟ್ಟೆ, ನಮ್ಮ ಗಂಗಾಳ ಅಲ್ಲಿ ತಟ್ಟೆ. ಪುಸ್ತಕದ ಕನ್ನಡ ನಮಗೂ ಪರಊರ ನೆಂಟನ ಹಂಗ. ಅಂದ್ರ ಆ ಕ್ವಾಣಿಯಾಗ ಕೂತ ಮಕ್ಕಳಾಗ ಯಾರಿಗೂ ಪುಸ್ತಕದ ಮಾತು ಪೂರಾ ಮನಿ ಮಾತಲ್ಲ. ಎಲ್ಲಾರೂ ಸ್ವಲ್ಪ ಸ್ವಲ್ಪ ದಾಟಬೇಕು. ತಾಂಡಾದಾಕಿ ಹೆಚ್ಚು ದಾಟ್ತಾಳ, ನಮ್ಮಾಕಿ ಕಡಿಮಿ ದಾಟ್ತಾಳ. ಇದನ್ನ ತಿಳಿದ ಅಕ್ಕೋರು ಇದ್ರ ಮಕ್ಕಳು ಉಳೀತಾರ. ಪುಸ್ತಕದ ಮಾತನ್ನ ಊರ ಮಾತಿಗೆ, ಊರ ಮಾತನ್ನ ಲಂಬಾಣಿಗೆ ಹಚ್ಚಿ ಹೇಳೋ ಅಕ್ಕೋರು ನಮ್ಮ ಮಕ್ಕಳಿಗೆ ಸಿಕ್ಕಾರ. ಮಗಳು ಈಗ ಲಂಬಾಣಿಯಾಗ ಹತ್ತರ ತನಕ ಎಣಸ್ತಾಳ. ಅದು ಯಾವ ಫೀಸಿಗೂ ಸಿಗೋದಿಲ್ಲ.

ಕೊರತಿ ಮುಚ್ಚಿ ಹೇಳೋದಿಲ್ಲ

ಇನ್ನ ನೀವು ಕೇಳೋ ಮಾತಿಗೆ ಬರ್ತೀನಿ. ಕಲಿಕಿ ಹೆಂಗ? ಖರೇ ಹೇಳ್ತೀನಿ. ಖಾಯಂ ಮಾಸ್ತರು ಸಾಲದು. ಅತಿಥಿ ಶಿಕ್ಷಕರು ಬರ್ತಾರ, ಅವರ ಪಗಾರ ಯಾವಾಗ ಬರ್ತೈತಿ ಅವರಿಗೇ ಗೊತ್ತಿಲ್ಲ. ಇದ್ದ ಮಾಸ್ತರಿಗೆ ಗಣತಿ, ಚುನಾವಣಿ ಕೆಲಸ. ಹೆಣ್ಮಕ್ಕಳ ಪಾಯಖಾನಿಗೆ ಬಾಗಿಲು ಇದ್ರ ನೀರಿಲ್ಲ, ನೀರಿದ್ರ ಬಾಗಿಲಿಲ್ಲ. ಹತ್ತಿ ಬಿಡಿಸೋ ಹಂಗಾಮಿನ್ಯಾಗ ಅರ್ಧ ಬೆಂಚು ಖಾಲಿ. ನಾಲ್ಕನೇ ಕ್ಲಾಸಿಗೆ ಬಂದರೂ ಎರಡನೇ ಕ್ಲಾಸಿನ ಪುಸ್ತಕ ಓದಾಕ ಬರದ ಮಕ್ಕಳು ಅದಾರ. ಇಂಗ್ಲಿಷ್ ಬೇಕು ಅನ್ನೋ ತಾಯಂದಿರ ಮಾತನ್ನ ನಾನು ಹಗುರ ಮಾಡೋದಿಲ್ಲ. ಸರ್ಕಾರಾನೂ ಅದನ್ನ ಒಪ್ಪಿ 2019ರಾಗ ರಾಜ್ಯದ 1,000 ಸರ್ಕಾರಿ ಸಾಲಿಯಾಗ ಇಂಗ್ಲಿಷ್ ಮಾಧ್ಯಮದ ಕ್ಲಾಸು ತೆರೀತು. ಕೂಲಿ ಮಾಡಿ, ಬಂಗಾರ ಒತ್ತಿ ಇಟ್ಟು ಮಗನ್ನ ಹಳದಿ ಬಸ್ ಹತ್ತಿಸೋ ಅವ್ವ ದಡ್ಡಿ ಅಲ್ಲ. ಆಕಿ ಕಣ್ಣಿಗೆ ಬಿದ್ದ ಒಂದೇ ದಾರಿ ಅದು.

ಆದ್ರ ಒಂದು ಲೆಕ್ಕ ಮಾತ್ರ ನಾವೆಲ್ಲಾ ಕೂತು ಮಾಡಬೇಕು. ಓದಿನ ಹಕ್ಕಿನ ಕಾನೂನಿನ್ಯಾಗ ಐದನೇ ಕ್ಲಾಸ್ ತನಕ ಮಾಸ್ತರ ಲೆಕ್ಕ ಹಿಂಗೈತಿ: 60 ಮಕ್ಕಳ ತನಕ ಇಬ್ಬರು ಮಾಸ್ತರು, 61ರಿಂದ 90ಕ್ಕ ಮೂವರು, 91ರಿಂದ 120ಕ್ಕ ನಾಲ್ವರು. ಒಂದು ಸಾಲಿಯಾಗ 95 ಮಕ್ಕಳು ಇದ್ದು, ಅದರಾಗ 35 ಮಂದಿ ಟಿ.ಸಿ. ತಗೊಂಡು ಹೋದ್ರಂತ ತಿಳಕೊಳ್ರಿ. ನಾಲ್ವರು ಮಾಸ್ತರು ಇರಬೇಕಾದಲ್ಲಿ ಇಬ್ಬರು ಉಳೀತಾರ. ಹೆಚ್ಚಾದವರನ್ನ ಬ್ಯಾರೆ ಕಡೆ ಹಾಕ್ತಾರ. ಉಳದ 60 ಮಕ್ಕಳಿಗೆ, ಐದು ಕ್ಲಾಸಿಗೆ, ಇಬ್ಬರು. ಅಂದ್ರ ಮಗು ಹೋಗುವಾಗ ತಾನೊಂದೇ ಹೋಗೋದಿಲ್ಲ, ಉಳದವರ ಮಾಸ್ತರನ್ನೂ ಕರಕೊಂಡು ಹೋಗ್ತೈತಿ. ಆಮೇಲೆ ನಾವೇ ಅಂತೀವಿ, "ಆ ಸಾಲಿಯಾಗ ಮಾಸ್ತರೇ ಇಲ್ಲವ್ವಾ, ಅದಕ್ಕ ಬಿಡಿಸಿದ್ವಿ."

ಇನ್ನೊಂದೂ ಹೋಗ್ತೈತಿ. ಬಿ.ಇ.ಓ. ಕಚೇರಿಗೆ ಹೋಗಿ ಯಾಕ ಮಾಸ್ತರು ಬಂದಿಲ್ಲ ಅಂತ ಕೇಳೋ ಬಾಯಿ. ಅರ್ಜಿ ಬರೆಯಾಕ ಬಲ್ಲ ಕೈ. ಅವರು ಹೋದ ಮ್ಯಾಲೆ ಉಳಿಯೋದು ದಿನಗೂಲಿ ಬಿಟ್ಟು ಕಚೇರಿಗೆ ಹೋಗಲಾರದ ಅವ್ವ-ಅಪ್ಪಂದಿರು. 1915ರಾಗ ಬಿಡಿಸಿಕೊಂಡು ಹೋದವರು ಸಿಟ್ಟಿನಿಂದ ಹೋದ್ರು. ನಾವು ಯಾರ ಮ್ಯಾಲೂ ಸಿಟ್ಟಿಲ್ಲದ ಹೋಗ್ತೀವಿ. ಹಿಂದ ಉಳದ ಮಗುವಿಗೆ ಎರಡೂ ಒಂದೇ.

ನಮಗ 371(ಜೆ) ಬಂತು. 2012ರ ಕೊನೀಗೆ ಪಾರ್ಲಿಮೆಂಟ್ ಒಪ್ಪಿದ ಮ್ಯಾಲೆ ನಮ್ಮ ಭಾಗದ ಮಕ್ಕಳಿಗೆ ಓದಿನ್ಯಾಗ, ನೌಕರಿಯಾಗ ಮೀಸಲು ಸಿಕ್ತು. 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರಾಯ್ತು. ಡಾಕ್ಟರ್, ಎಂಜಿನಿಯರ್ ಸೀಟಿನ ಮಾತು ಬಂದಾಗ ನಾವೆಲ್ಲಾ ಆ ಸರ್ಟಿಫಿಕೇಟ್ ಹುಡುಕ್ತೀವಿ. ಆದ್ರ ಆ ಸೀಟಿನ ಬಾಗಿಲಿಗೆ ಹೋಗಬೇಕಂದ್ರ ಮೊದಲು ನಾಲ್ಕನೇ ಕ್ಲಾಸಿನ ಪುಸ್ತಕ ಓದಾಕ ಬರಬೇಕು. ತಾಂಡಾದ ಆ ಹುಡುಗಿಗೆ ಅದು ಸಿಗೋದು ಈ ಸಾಲಿಯಾಗ ಮಾತ್ರ.

ಮಸ್ಕಿ ಕಲ್ಲಿನ ಮಾತು

ನಮ್ಮ ಸೀಮಿಯ ಸಾಲಿ ಮಕ್ಕಳನ್ನ ಮಸ್ಕಿಗೆ ಕರಕೊಂಡು ಹೋಗ್ತಾರ, ಅಶೋಕನ ಶಾಸನ ತೋರಸಾಕ. 1915ರಾಗ ಬಂಗಾರದ ಗಣಿ ಎಂಜಿನಿಯರ್ ಸಿ. ಬೀಡನ್ ಅದನ್ನ ಕಂಡುಹಿಡದ್ರು. ದೇವಾನಾಂಪ್ರಿಯ ಅಂತ ಹೇಳಿಕೊಳ್ಳೋ ರಾಜ ಅಶೋಕನ ಅಂತ ಜಗತ್ತಿಗೆ ಖಾತ್ರಿ ಆದದ್ದು ಅಲ್ಲಿ ಹೆಸರು ಸಿಕ್ಕ ಮ್ಯಾಲೆ. ಹೆಸರಿನ ಸಲುವಾಗಿ ಎಲ್ಲಾರೂ ಅದನ್ನ ನೆನಸ್ತಾರ. ಆದ್ರ ಆ ಕಲ್ಲು ಹೇಳೋ ವಿಷಯ ಇನ್ನೊಂದೈತಿ: ಒಳ್ಳೇ ದಾರಿಯ ಫಲ ದೊಡ್ಡವರಿಗಷ್ಟೇ ಅಂತ ತಿಳಿಬಾರದು, ಸಣ್ಣವರಿಗೂ ಅದು ಸಿಗ್ತೈತಿ ಅನ್ನೋ ಅರ್ಥದ್ದು. 2,200 ವರ್ಷದ ಹಿಂದ ನಮ್ಮ ಮಗ್ಗಲ ಗುಡ್ಡದಾಗ ಕೆತ್ತಿಸಿದ ಮಾತು. ಅದನ್ನ ಸಾಲಿ ಮಟ್ಟಕ್ಕ ತರಾಕ ನಮಗ ಇಷ್ಟು ಕಾಲ ಹಿಡೀತು.

ಎಲ್ಲಾರೂ ಸರ್ಕಾರಿ ಸಾಲಿಗೇ ಹಾಕ್ರಿ ಅಂತ ನಾನು ಹೇಳೋದಿಲ್ಲ. ಅವರವರ ಮನಿ ಕಷ್ಟ ಅವರವರಿಗೆ ಗೊತ್ತು. ಆದ್ರ ಒಂದು ಕೆಲಸ ಕೈಗೆ ಹತ್ರ ಐತಿ. ಸಾಲಿಗೆ ಎಸ್.ಡಿ.ಎಂ.ಸಿ. ಅಂತ ಸಮಿತಿ ಇರ್ತೈತಿ. ಕಾನೂನಿನ ಪ್ರಕಾರ ಅದರಾಗ ನಾಲ್ಕರಾಗ ಮೂರು ಪಾಲು ಮಕ್ಕಳ ತಂದಿ-ತಾಯಿ ಇರಬೇಕು, ಅರ್ಧದಷ್ಟು ಹೆಣ್ಮಕ್ಕಳು ಇರಬೇಕು. ನಮ್ಮ ಕಡೆ ಏನಾಗೈತಿ? ಹೆಸರು ಹೆಂಡ್ತಿದು, ಮೀಟಿಂಗಿಗೆ ಗಂಡ. ಸಹಿ ಮನಿಗೆ ಬರ್ತೈತಿ. ಹೋದ ವರ್ಷ ನಾವು ಐದು ಮಂದಿ ಹೆಣ್ಮಕ್ಕಳು, ಒಬ್ಬಾಕಿ ತಾಂಡಾದಾಕಿ, ಇಬ್ಬರು ಮುಸಲ್ಮಾನರ ಓಣಿಯವರು, ಒಬ್ಬಾಕಿ ಹರಿಜನ ಕೇರಿಯಾಕಿ, ನಾನು ಒಬ್ಬಾಕಿ, ಮೀಟಿಂಗಿಗೆ ಹೋಗಿ ಕೂತ್ವಿ. ಕುರ್ಚಿ ಸಾಲಲಿಲ್ಲ. ಮಕ್ಕಳ ಬೆಂಚಿನ ಮ್ಯಾಲೆ ಕಾಲು ಮಡಚಿ ಕೂತ್ವಿ. ಕೇಳಿದ್ದು ಒಂದೇ, ಪಾಯಖಾನಿಗೆ ಬಾಗಿಲು ಮತ್ತು ನೀರು ಎರಡೂ ಒಂದೇ ಸಲ ಬೇಕು ಅಂತ. ಮೂರು ಮೀಟಿಂಗ್ ಹಿಡೀತು. ಬಾಗಿಲು ಬಂತು, ನಳ ಬಂತು. ದೊಡ್ಡ ಹೆಣ್ಣುಹುಡುಗ್ಯಾರು ಮಧ್ಯಾಹ್ನ ಮನಿಗೆ ಹೋಗೋದು ಕಡಿಮಿ ಆಯ್ತು.

ನಿಮ್ಮ ಮಗು ಖಾಸಗಿ ಸಾಲಿಯಾಗ ಇದ್ರೂ ನಿಮ್ಮ ಓಣಿಯ ಸರ್ಕಾರಿ ಸಾಲಿ ನಿಮ್ಮದೇ. ನಿಮ್ಮನಿ ಮುಸುರಿ ತಿಕ್ಕಾಕ ಬರೋ ಅಕ್ಕನ ಮಗಳು, ಹೊಲಕ್ಕ ಬರೋ ಆಳಿನ ಮಗ ಅಲ್ಲೇ ಅದಾರ. ಅವರು ಸಾಲಿ ಬಿಟ್ಟ ದಿನ ಯಾಕ ಬಿಟ್ಟಿ ಅಂತ ಕೇಳ್ರಿ. ಎಸ್.ಡಿ.ಎಂ.ಸಿ.ಯಾಗ ಹೆಸರಿದ್ದಾಕಿ ನಿಮ್ಮ ಬಾಜೂಕ ಇದ್ರ ಮೀಟಿಂಗಿಗೆ ಆಕೀನ ಹೋಗಲಿ ಅಂತ ಹೇಳ್ರಿ, ಆಕಿ ಕೂಸಿನ್ನ ಒಂದು ತಾಸು ನಿಮ್ಮನಿಯಾಗ ಇಟ್ಟುಕೊಳ್ರಿ. ನಮ್ಮ ಸಾಲಿಯ ಮುಂದಿನ ಮೀಟಿಂಗಿನ್ಯಾಗ ಖಾಲಿ ಇರೋ ಮಾಸ್ತರ ಹುದ್ದಿ ಬಗ್ಗೆ ಅರ್ಜಿ ಬರೀಬೇಕಾಗೈತಿ. ಬರೆಯಾಕ ಬಲ್ಲವರು ಯಾರಾದರೂ ಇದ್ರ ಹೇಳ್ರಿ. ಚಹಾ ನಾನು ಮಾಡ್ತೀನಿ.